ಮುಂಡಗೋಡ: ಒಂದೇ ಕಾಡು, ಬೇರೆ ಬೇರೆ ಹಕ್ಕು

ಹುಬ್ಬಳ್ಳಿಯಿಂದ ತಡಸ ದಾಟಿ ಶಿರಸಿಯ ಕಡೆ ಹೊರಟರೆ, ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿ ಸಿಗುವ ಊರು ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಈ ಸಣ್ಣ ತಾಲ್ಲೂಕು ಕೇಂದ್ರದ ಸಂತೆಯಲ್ಲಿ ಕನ್ನಡದ ಜತೆಗೆ ಕೊಂಕಣಿ, ಮರಾಠಿ, ಉರ್ದು, ಲಂಬಾಣಿ, ಟಿಬೆಟನ್ ಮಾತುಗಳೂ ಕಿವಿಗೆ ಬೀಳುತ್ತವೆ. ಸುತ್ತಲಿನ ಕಾಡಂಚಿನಲ್ಲಿ ಸಿದ್ದಿಗಳ ಕೇರಿ, ಗೌಳಿವಾಡ, ಲಂಬಾಣಿ ತಾಂಡಾ, ಟಿಬೆಟನ್ ಕ್ಯಾಂಪುಗಳಿವೆ. ಇವರೆಲ್ಲರ ಹಿರಿಯರೂ ಬೇರೆ ಕಡೆಯಿಂದ ಬಂದವರೇ. ಆದರೆ ನೆಲದ ಪ್ರಶ್ನೆ ಬಂದಾಗ ಕಾನೂನು ಇವರನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಸಿದ್ದಿಗಳ ಮೂಲ ಆಫ್ರಿಕಾ. 16ನೇ ಶತಮಾನದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನು ತರಿಸುತ್ತಿದ್ದರು. ಹಾಗೆ ಬಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಇಂದು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಡಮಾಮಿಯ ಬಡಿತ ಮತ್ತು ಹೆಂಗಸರು ಹಳೆಯ ಬಟ್ಟೆ ಕೂಡಿಸಿ ಹೊಲಿಯುವ ಕೌದಿ ಇವರ ಗುರುತು. ಬಹುಕಾಲ ಪರರ ಗದ್ದೆ, ತೋಟಗಳಲ್ಲಿ ದುಡಿದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ಬಂಧುಗಳು 2020ರವರೆಗೂ ಕಾಯಬೇಕಾಯಿತು. ಅಷ್ಟು ವರ್ಷ ಜಿಲ್ಲೆಯ ಗಡಿಯೇ ಜಾತಿಯ ಗಡಿಯೂ ಆಗಿತ್ತು.

ಗೌಳಿಗಳು ಎಮ್ಮೆಗಳ ಹಿಂದೆ ಬಂದವರು. ಪಶ್ಚಿಮ ಮಹಾರಾಷ್ಟ್ರದಿಂದ ಹುಲ್ಲು, ನೀರು ಹುಡುಕುತ್ತ ಸಹ್ಯಾದ್ರಿಯ ಗುಂಟ ಇಳಿದುಬಂದ ದನಗರ ಗೌಳಿಗಳು ಇಂದಿಗೂ ಮರಾಠಿಯ ಒಂದು ಬಗೆಯನ್ನು ಆಡುತ್ತಾರೆ. ದಸರೆ ಅವರ ದೊಡ್ಡ ಹಬ್ಬ. ಕಾಡಿನಲ್ಲಿ ಮೇವಿಗೆ ನಿರ್ಬಂಧ ಹೆಚ್ಚಿದಂತೆ ಹಿಂಡುಗಳು ಕರಗಿ, ಹಲವರು ಕೂಲಿಗೆ ಇಳಿದರು. ತಮ್ಮನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬುದು ಅವರ ಬಹುದಿನದ ಬೇಡಿಕೆ.

ಟಿಬೆಟನ್ನರದು ಇನ್ನೊಂದು ಕತೆ. 1959ರಲ್ಲಿ ದಲೈ ಲಾಮಾ ಅವರೊಡನೆ ಮತ್ತು ಅವರ ಹಿಂದೆ ಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಬಳಿಕ 1966ರಲ್ಲಿ ಇಲ್ಲಿ ಜಾಗ ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ ಬೆಳೆದ ಕ್ಯಾಂಪುಗಳ ನಡುವೆ ಲಾಸಾದ ಹೆಸರಾಂತ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಮರುಹುಟ್ಟು ಪಡೆದವು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳ ಜೀವನೋಪಾಯವಾಯಿತು. ಆದರೂ ನೆಲ ಅವರದಲ್ಲ. 2014ರ ಪುನರ್ವಸತಿ ನೀತಿ ಹೇಳುವುದೂ ಗುತ್ತಿಗೆಯ ಮಾತನ್ನೇ.

ಈ ವ್ಯತ್ಯಾಸ ಎದ್ದು ಕಾಣುವುದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯ ಅನುಭೋಗದಲ್ಲಿದ್ದು, ಕಾಡನ್ನು ನಂಬಿ ಬದುಕಿದವರಾಗಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಪರಿಶಿಷ್ಟ ಜಾತಿಯಲ್ಲಿರುವ ಲಂಬಾಣಿಗಳಿಗೂ, ಹಿಂದುಳಿದ ವರ್ಗದ ಗೌಳಿಗಳಿಗೂ ಇದೇ ಅಳತೆ. ಹೀಗಾಗಿ ಅಕ್ಕಪಕ್ಕ ಮನೆ ಕಟ್ಟಿಕೊಂಡ ಸಿದ್ದಿ ಮತ್ತು ಗೌಳಿಯ ಅರ್ಜಿಗಳಿಗೆ ಒಂದೇ ಕಚೇರಿಯಲ್ಲಿ ಬೇರೆ ಬೇರೆ ಪ್ರಶ್ನೆ ಎದುರಾಗುತ್ತದೆ.

1930ರಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜ ಯಾವ ರಸೀದಿ ಇಟ್ಟುಕೊಂಡಿರಲು ಸಾಧ್ಯ? ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವೆಂದು ನಿಯಮಗಳು ಒಪ್ಪುತ್ತವೆ. ಆ ಅಜ್ಜನನ್ನು ಕಂಡಿದ್ದ ಹಿರಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂಡಗೋಡದ ಚರಿತ್ರೆಯ ದೊಡ್ಡ ಪಾಲು ಇಂಥವರ ನೆನಪಿನಲ್ಲಿಯೇ ಉಳಿದಿದೆ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಆಗಬೇಕಿದೆ.