ಕರಾವಳಿಯ ಮೂಲನಿವಾಸಿ ಸಮುದಾಯಗಳನ್ನು ಮಕ್ಕಳಿಗೆ ಪರಿಚಯಿಸುವುದು: ಅಂತರಜಾಲ ಸಾಮಗ್ರಿಯ ಬಳಕೆ ಕುರಿತು ರಾಬರ್ಟ್‌ಸನ್‌ಪೇಟೆಯ ಪೋಷಕರು ಹಾಗೂ ಶಿಕ್ಷಕರಿಗೆ ಮಾಹಿತಿ

ಪೀಠಿಕೆ

ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಹಾಗೂ ಸುತ್ತಮುತ್ತಲಿನ ಶಾಲೆಗಳ ಮಕ್ಕಳಿಗೆ ರಾಜ್ಯದ ಸಮುದ್ರತೀರವು ಸುಮಾರು 450 ಕಿಲೋಮೀಟರ್ ದೂರದಲ್ಲಿದೆ. ಎಲ್ಲ ಮಕ್ಕಳನ್ನೂ ಅಲ್ಲಿಗೆ ಪ್ರವಾಸ ಕರೆದೊಯ್ಯುವುದು ಸಾಧ್ಯವಾಗುವುದಿಲ್ಲ. ಆದುದರಿಂದ ಕರಾವಳಿಯ ಮೂಲನಿವಾಸಿ ಸಮುದಾಯಗಳ ವಿಷಯವನ್ನು ಬಹುತೇಕ ಮಕ್ಕಳು ಪಠ್ಯಪುಸ್ತಕದಿಂದ, ಚಲನಚಿತ್ರಗಳಿಂದ ಅಥವಾ ಅಂತರಜಾಲದಿಂದ ತಿಳಿಯುತ್ತಾರೆ. ಅಂತರಜಾಲದಲ್ಲಿ ಉತ್ತಮ ಸಾಮಗ್ರಿಯೂ ಇದೆ, ಆ ಜನರನ್ನು ಕೀಳಾಗಿ ಚಿತ್ರಿಸುವ ಸಾಮಗ್ರಿಯೂ ಇದೆ. ಇವೆರಡನ್ನೂ ಬೇರ್ಪಡಿಸಿ ಮಕ್ಕಳ ಮುಂದಿಡಲು ನೆರವಾಗುವುದೇ ಈ ಪುಟದ ಉದ್ದೇಶ.

1. ಪರಿಚಯಿಸಬಹುದಾದ ಸಮುದಾಯಗಳು

ಕೊರಗ: ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹಾಗೂ ಕೇರಳದ ಕಾಸರಗೋಡಿನಲ್ಲಿ ನೆಲೆಸಿರುವ ಪರಿಶಿಷ್ಟ ಪಂಗಡ. ರಾಜ್ಯದಲ್ಲಿ ಕೇಂದ್ರ ಸರ್ಕಾರವು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ಸಮುದಾಯಗಳು ಎರಡು, ಜೇನು ಕುರುಬ ಮತ್ತು ಕೊರಗ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 15 ಸಾವಿರಕ್ಕಿಂತ ಕಡಿಮೆ. ಕಾಡಿನ ಬಳ್ಳಿ ಹಾಗೂ ಬಿದಿರಿನಿಂದ ಬುಟ್ಟಿ ಹೆಣೆಯುವುದು, ಡೋಲು ಮತ್ತು ಕೊಳಲು ನುಡಿಸುವುದು ಇವರ ಪರಂಪರಾಗತ ವಿದ್ಯೆಗಳು.

ಹಾಲಕ್ಕಿ ಒಕ್ಕಲಿಗ: ಉತ್ತರ ಕನ್ನಡದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಭಾಗದ ಕೃಷಿಕ ಸಮುದಾಯ. ಸುಗ್ಗಿ ಕುಣಿತ ಹಾಗೂ ಹೆಂಗಸರ ಹಾಡುಗಳಿಗೆ ಹೆಸರಾಗಿದೆ. ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡ (ನಿಧನ 2025) ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದ ತುಳಸಿ ಗೌಡ (ನಿಧನ 2024) ಅವರಿಗೆ 2020ರ ಸಾಲಿನ ಪದ್ಮಶ್ರೀ ಘೋಷಣೆಯಾಯಿತು.

ಇತರ ಸಮುದಾಯಗಳು: ಢಕ್ಕೆ ಕುಣಿತಕ್ಕೆ ಹೆಸರಾದ ಭಟ್ಕಳದ ಗೊಂಡರು, ಹೋಳಿಯ ಕಾಲದಲ್ಲಿ ಗುಮಟೆ ಎಂಬ ಮಣ್ಣಿನ ವಾದ್ಯ ನುಡಿಸುವ ಕುಡುಬಿಯರು, ಪಶ್ಚಿಮ ಘಟ್ಟದ ತಪ್ಪಲಿನ ಮಲೆಕುಡಿಯರು.

ಕರಾವಳಿಯ ಮೂಲನಿವಾಸಿಗಳೆಂದರೆ ಮೀನು ಹಿಡಿಯುವವರು ಎಂದು ಮಕ್ಕಳು ಸಹಜವಾಗಿ ಭಾವಿಸುತ್ತಾರೆ. ಇದನ್ನು ಮೊದಲ ಪಾಠದಲ್ಲಿಯೇ ಸರಿಪಡಿಸುವುದು ಒಳಿತು. ಸಮುದ್ರದ ಮೀನುಗಾರಿಕೆ ಮುಖ್ಯವಾಗಿ ಮೊಗವೀರ ಮೊದಲಾದ ಬೇರೆ ಸಮುದಾಯಗಳ ಕಸುಬು. ಮೇಲೆ ಹೇಳಿದ ಸಮುದಾಯಗಳ ಬದುಕು ಹೆಚ್ಚಾಗಿ ಕಾಡು ಹಾಗೂ ಬೇಸಾಯವನ್ನು ಆಧರಿಸಿದೆ. ಕಾಡು ಕಡಿಮೆಯಾಗಿ ಪ್ಲಾಸ್ಟಿಕ್ ಬುಟ್ಟಿಗಳು ಬಂದಾಗ ಕೊರಗರ ಕಸುಬಿಗೆ ಪೆಟ್ಟು ಬಿದ್ದುದು ಇದೇ ಕಾರಣದಿಂದ.

2. ಸಾಮಗ್ರಿ ದೊರೆಯುವ ತಾಣಗಳು

ಅ) ಕಣಜ: ಕರ್ನಾಟಕ ಜ್ಞಾನ ಆಯೋಗದ ಆಶಯದಂತೆ 2009ರಲ್ಲಿ ಆರಂಭವಾದ ಕನ್ನಡದ ಜ್ಞಾನಕೋಶ. ಜಾನಪದ ಹಾಗೂ ಸಂಸ್ಕೃತಿಗೆ ಸಂಬಂಧಿಸಿದ ಬರಹಗಳು ಕನ್ನಡದಲ್ಲಿಯೇ ಲಭ್ಯವಿವೆ.

ಆ) ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ: 2020ರಲ್ಲಿ ಆರಂಭವಾದ ಸೇವೆ. ನಾಗರಿಕರು ಉಚಿತವಾಗಿ ಹೆಸರು ನೋಂದಾಯಿಸಿಕೊಂಡು ಪುಸ್ತಕಗಳನ್ನು ಓದಬಹುದು.

ಇ) ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಡಿಜಿಟಲ್ ದಾಖಲೆ ಭಂಡಾರ: ವಿವಿಧ ರಾಜ್ಯಗಳ ಬುಡಕಟ್ಟು ಸಂಶೋಧನಾ ಸಂಸ್ಥೆಗಳ ವರದಿಗಳು ಮತ್ತು ಚಿತ್ರಗಳು ಇಲ್ಲಿವೆ. ನಮ್ಮ ರಾಜ್ಯದ ಸಂಸ್ಥೆಯು ಮೈಸೂರಿನಲ್ಲಿದೆ. ಇಲ್ಲಿನ ವರದಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಶಿಕ್ಷಕರು ಮೊದಲು ಓದಿ ಸಾರಾಂಶ ತಿಳಿಸುವುದು ಸೂಕ್ತ.

ಈ) ಕನ್ನಡ ಮತ್ತು ತುಳು ವಿಕಿಪೀಡಿಯ: ಇವು ಕ್ರಮವಾಗಿ 2003 ಮತ್ತು 2016ರಲ್ಲಿ ಆರಂಭವಾದವು. ಯಾರು ಬೇಕಾದರೂ ತಿದ್ದಬಹುದಾದ ತಾಣಗಳಾದುದರಿಂದ ವಿವರಗಳನ್ನು ಮತ್ತೊಂದು ಕಡೆ ತಾಳೆ ನೋಡತಕ್ಕದ್ದು.

3. ಸಾಮಗ್ರಿಯನ್ನು ಬಳಸುವ ಮೊದಲು ಪರಿಶೀಲಿಸಬೇಕಾದ ಅಂಶಗಳು

ಅ) ಮಾತನಾಡುತ್ತಿರುವವರು ಯಾರು? ಆ ಸಮುದಾಯದವರೇ ತಮ್ಮ ಕಸುಬು, ಹಾಡು, ಮಾತನ್ನು ವಿವರಿಸುವ ಧ್ವನಿಮುದ್ರಿಕೆ ಅಥವಾ ದೃಶ್ಯಕ್ಕೆ ಮೊದಲ ಆದ್ಯತೆ ನೀಡಬೇಕು.

ಆ) ಯಾವ ಕಾಲದ ಬರಹ? ಅಂತರಜಾಲದಲ್ಲಿ ಸುಲಭವಾಗಿ ಸಿಗುವ ಬರಹಗಳಲ್ಲಿ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಕುರಿತ ಏಳು ಸಂಪುಟಗಳು ಮುಖ್ಯವಾದವು. ಕೊರಗರ ವಿವರ ಮೂರನೆಯ ಸಂಪುಟದಲ್ಲಿದೆ. ಅದು ವಸಾಹತು ಆಡಳಿತದ ದೃಷ್ಟಿಯಿಂದ ಬರೆದ ದಾಖಲೆ. ಅದರಲ್ಲಿನ ಎಲೆಯುಡುಗೆಯ ವರ್ಣನೆಯನ್ನು ಇಂದಿನ ಕೊರಗರ ಪರಿಚಯವೆಂದು ಮಕ್ಕಳಿಗೆ ತೋರಿಸಕೂಡದು. ಬಳಸುವುದಾದರೆ ಪ್ರಕಟವಾದ ವರ್ಷವನ್ನು ಮೊದಲು ತಿಳಿಸತಕ್ಕದ್ದು.

ಇ) ಇಂದಿನ ಬದುಕು ಕಾಣುತ್ತದೆಯೇ? ಹಬ್ಬದ ಕುಣಿತವನ್ನು ಮಾತ್ರ ತೋರಿಸಿದರೆ ಆ ಜನರು ವರ್ಷವಿಡೀ ಕುಣಿಯುವವರೆಂದು ಮಗು ತಿಳಿಯುತ್ತದೆ. ಶಾಲೆ, ಉದ್ಯೋಗ, ಭೂಮಿಯ ಹಕ್ಕಿನ ಹೋರಾಟಗಳೂ ಪಾಠದಲ್ಲಿ ಬರಬೇಕು.

ಈ) ಕಥೆಯೋ ದಾಖಲೆಯೋ? 2022ರಲ್ಲಿ ತೆರೆಕಂಡ ‘ಕಾಂತಾರ’ ಚಿತ್ರದಿಂದ ಕರಾವಳಿಯ ದೈವಾರಾಧನೆಯು ಎಲ್ಲೆಡೆ ಪರಿಚಿತವಾಯಿತು. ಅದು ಕಲ್ಪಿತ ಕಥೆ. ಇದನ್ನು ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. 2018 ಮತ್ತು 2022ರಲ್ಲಿ ತಮ್ಮ ಊರಿನ ಹೆಸರಿನಲ್ಲಿಯೇ ತೆರೆಕಂಡ ‘ಕೆ.ಜಿ.ಎಫ್’ ಚಿತ್ರಗಳ ಗಣಿಗೂ, 2001ರಲ್ಲಿ ಮುಚ್ಚುವವರೆಗೆ ತಮ್ಮ ಅಜ್ಜಂದಿರು ದುಡಿದ ಗಣಿಗೂ ಇರುವ ವ್ಯತ್ಯಾಸವನ್ನು ಅವರು ಬಲ್ಲರು.

4. ಕಾಯಿದೆಯ ಕುರಿತು ಗಮನಕ್ಕೆ

ಕೊರಗರನ್ನು ಕೀಳೆಂದು ಭೇದಭಾವದಿಂದ ಕಾಣುವುದು, ಕೂದಲು, ಉಗುರು ಮುಂತಾದವನ್ನು ಬೆರೆಸಿದ ಆಹಾರವನ್ನು ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಇವೇ ಮೊದಲಾದ ಆಚರಣೆಗಳಿಗೆ ‘ಅಜಲು’ ಎಂದು ಹೆಸರು. ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ, 2000ರ ಮೂಲಕ ಇದನ್ನು ನಿಷೇಧಿಸಲಾಗಿದೆ. ಮೇಲಿನ ತರಗತಿಗಳ ಮಕ್ಕಳಿಗೆ ಈ ವಿಷಯವನ್ನು ಮರೆಮಾಚದೆ ತಿಳಿಸಬೇಕು. ಆದರೆ ಅದನ್ನು ‘ಸಂಪ್ರದಾಯ’ವೆಂದು ಹೇಳದೆ, ಅನ್ಯಾಯವೆಂದೇ ಹೇಳಬೇಕು.

ಶಾಲಾ ವಾರ್ಷಿಕೋತ್ಸವ, ವೇಷಭೂಷಣ ಸ್ಪರ್ಧೆಗಳಲ್ಲಿ ಮಕ್ಕಳ ಮೈಗೆ ಕಪ್ಪು ಬಣ್ಣ ಬಳಿದು ‘ಕೊರಗ ವೇಷ’ ಹಾಕಿಸುವುದನ್ನು ಸರ್ವಥಾ ಕೈಬಿಡತಕ್ಕದ್ದು. ದೈವದ ವೇಷವೂ ಆರಾಧನೆಗೆ ಸಂಬಂಧಿಸಿದುದು, ಸ್ಪರ್ಧೆಗೆ ತಕ್ಕುದಲ್ಲ.

5. ಪಾಠದ ಒಂದು ಮಾದರಿ: ಮನೆಯ ಮಾತು

ಕೊರಗ ಭಾಷೆಯು ದ್ರಾವಿಡ ಭಾಷೆಗಳಲ್ಲಿ ಒಂದು. ಅದಕ್ಕೆ ಸ್ವಂತ ಲಿಪಿಯಿಲ್ಲ. ಡಿ.ಎನ್. ಶಂಕರ ಭಟ್ ಅವರು ನಡೆಸಿದ ಅದರ ವ್ಯಾಕರಣಾಧ್ಯಯನವು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಯುನೆಸ್ಕೊ ಸಂಸ್ಥೆಯ ಅಪಾಯದಂಚಿನ ಭಾಷೆಗಳ ಭೂಪಟದಲ್ಲಿ ಈ ಭಾಷೆಯ ಹೆಸರಿದೆ. ಇಂದು ಅನೇಕ ಕೊರಗ ಕುಟುಂಬಗಳಲ್ಲಿ ತುಳು ಅಥವಾ ಕನ್ನಡವೇ ಮನೆಮಾತಾಗಿದೆ.

ಮೊದಲ ಅವಧಿ: ಪ್ರತಿ ಮಗುವೂ ತನ್ನ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಆಡುವ ಮಾತುಗಳನ್ನು ಬರೆಯಲಿ. ಗಣಿ ಪ್ರದೇಶದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲವೂ ಬರುವ ಸಂಭವವಿದೆ.

ಎರಡನೆಯ ಅವಧಿ: ಕೊರಗ ಮಗುವೊಂದರ ಮುಂದೆಯೂ ಇಂಥ ಮೂರು ಮಾತುಗಳಿರುವುದನ್ನು ವಿವರಿಸಿ, ಯಾವ ಮಾತು ಮೊದಲು ಮರೆಯಾಗುತ್ತದೆ, ಏಕೆ ಎಂದು ಚರ್ಚಿಸಬೇಕು.

ಮೂರನೆಯ ಅವಧಿ: ಮಕ್ಕಳು ಮನೆಯ ಹಿರಿಯರಿಂದ ಹತ್ತು ಹಳೆಯ ಪದಗಳನ್ನು ಕೇಳಿ ಬರೆದು ತರಲಿ. ಹಿರಿಯರ ಅನುಮತಿಯಿಲ್ಲದೆ ಧ್ವನಿ ಮುದ್ರಿಸಬಾರದು. ಬೇರೆ ಸಮುದಾಯದ ಹಾಡು, ಚಿತ್ರಗಳನ್ನು ಬಳಸುವಾಗಲೂ ಇದೇ ನಿಯಮ ಅನ್ವಯಿಸುವುದೆಂದು ಮಕ್ಕಳಿಗೆ ಇದರಿಂದ ಮನವರಿಕೆಯಾಗುತ್ತದೆ.

ಈ ವಿಷಯದಲ್ಲಿ ಆಸ್ಟ್ರೇಲಿಯಾ ದೇಶದ ಪದ್ಧತಿಯೊಂದು ಗಮನಾರ್ಹ. ಅಲ್ಲಿನ ಮೂಲನಿವಾಸಿಗಳ ಕುರಿತ ಅನೇಕ ಜಾಲತಾಣಗಳಲ್ಲಿ, ನಿಧನರಾದವರ ಹೆಸರು, ಚಿತ್ರ ಅಥವಾ ಧ್ವನಿ ಮುಂದಿನ ಪುಟಗಳಲ್ಲಿ ಇರಬಹುದೆಂಬ ಸೂಚನೆಯನ್ನು ಮೊದಲೇ ನೀಡಲಾಗುತ್ತದೆ. ಆ ಸಮುದಾಯಗಳಲ್ಲಿ ಹಲವರಿಗೆ ಅವು ದುಃಖದ ಸಂಗತಿಗಳು. ನೋಡುವವರ ಕುತೂಹಲಕ್ಕಿಂತ ನೋಡಲ್ಪಡುವವರ ಗೌರವ ದೊಡ್ಡದೆಂಬುದೇ ಇದರ ತಾತ್ಪರ್ಯ.

6. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತರಗತಿಯಲ್ಲಿ ಬುಡಕಟ್ಟು ಸಮುದಾಯದ ಮಗುವಿದ್ದರೆ ಅದರಿಂದಲೇ ಹೇಳಿಸಬಹುದೇ?
ಉತ್ತರ: ಮಗು ತಾನಾಗಿ ಮುಂದೆ ಬಂದರೆ ಮಾತ್ರ. ಸಮುದಾಯದ ಹೆಸರು ಹಿಡಿದು ಮಗುವನ್ನು ಎದ್ದು ನಿಲ್ಲಿಸುವುದು ಸಲ್ಲದು.

ಪ್ರಶ್ನೆ: ಮನೆಯಲ್ಲಿ ಅಂತರಜಾಲ ಸೌಲಭ್ಯವಿಲ್ಲದವರು ಏನು ಮಾಡಬೇಕು?
ಉತ್ತರ: ಸಮೀಪದ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಶಿಕ್ಷಕರು ಆಯ್ದ ಪುಟಗಳನ್ನು ಮುದ್ರಿಸಿ ತರಗತಿಯಲ್ಲಿ ಹಂಚಬಹುದು.

ಪ್ರಶ್ನೆ: ಈ ಪುಟದಲ್ಲಿ ಸಮುದಾಯದ ಹೆಸರಿದ್ದರೆ ಅದನ್ನು ಜಾತಿ ಪ್ರಮಾಣ ಪತ್ರಕ್ಕೆ ಆಧಾರವಾಗಿ ಬಳಸಬಹುದೇ?
ಉತ್ತರ: ಇಲ್ಲ. ಸಂಸ್ಕೃತಿಯ ಪರಿಚಯ ಬೇರೆ, ಪರಿಶಿಷ್ಟ ಪಂಗಡಗಳ ಪಟ್ಟಿ ಬೇರೆ. ಉದಾಹರಣೆಗೆ, ಹಾಲಕ್ಕಿ ಸಮುದಾಯವನ್ನು ಆ ಪಟ್ಟಿಗೆ ಸೇರಿಸಬೇಕೆಂಬುದು ದೀರ್ಘಕಾಲದ ಬೇಡಿಕೆ. ಪ್ರಮಾಣ ಪತ್ರಕ್ಕಾಗಿ ಸಂಬಂಧಪಟ್ಟ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಗಮನಿಸಿ: ಮಕ್ಕಳು ಸಿದ್ಧಪಡಿಸಿದ ಯೋಜನಾ ಬರಹಗಳನ್ನು ಅಂತರಜಾಲದಲ್ಲಿ ಪ್ರಕಟಿಸುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕು. ಬರಹದಲ್ಲಿ ಯಾವುದೇ ಸಮುದಾಯವನ್ನು ಅವಮಾನಿಸುವ ಪದಗಳು ಉಳಿದಿಲ್ಲವೆಂದು ಶಿಕ್ಷಕರು ಖಚಿತಪಡಿಸಿಕೊಳ್ಳಬೇಕು.