ಹಳೆಯ ತರಬೇತಿ ವಿಮಾನಗಳಿಗೆ ಹೊಸ ಮೂತಿ: ಮಾರ್ಪಾಡುಗಳ ಬೆಂಗಳೂರು ಅಧ್ಯಾಯ

ಬೆಂಗಳೂರು: ಉತ್ತರ ಬೆಂಗಳೂರಿನ ಜಾಲಹಳ್ಳಿಗೂ ಭಾರತೀಯ ವಾಯುಪಡೆಗೂ ಹಳೆಯ ನಂಟು. 1949ರಿಂದ ವಾಯುಪಡೆಯ ತಾಂತ್ರಿಕ ಕಾಲೇಜು ಇಲ್ಲಿ ಎಂಜಿನಿಯರ್ ಅಧಿಕಾರಿಗಳನ್ನು ರೂಪಿಸುತ್ತಿದೆ. ವಿಮಾನ ಹಾರಿಸುವ ವಿದ್ಯೆ ಬೀದರ್, ದುಂಡಿಗಲ್ ಮುಂತಾದೆಡೆ ದೊರೆತರೆ, ವಿಮಾನವನ್ನು ಹಾರಾಟಕ್ಕೆ ಯೋಗ್ಯವಾಗಿ ಉಳಿಸಿಕೊಳ್ಳುವ ವಿದ್ಯೆ ಜಾಲಹಳ್ಳಿಯದು. ನಗರದ ಪೂರ್ವ ಭಾಗದಲ್ಲಿ ಅದೇ ವಿಮಾನಗಳನ್ನು ವಿನ್ಯಾಸಗೊಳಿಸಿ ನಿರ್ಮಿಸಿದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ (ಎಚ್‌ಎಎಲ್) ಇದೆ. ಸಿದ್ಧಗೊಂಡ ವಿಮಾನವೊಂದನ್ನು ಮತ್ತೆ ಬಿಚ್ಚಿ ಎಂಜಿನ್, ಮೂತಿ ಅಥವಾ ಬಾಲವನ್ನೇ ಬದಲಿಸಿದ ಹಲವು ಪ್ರಸಂಗಗಳು ಈ ನಗರದ ವೈಮಾನಿಕ ಚರಿತ್ರೆಯಲ್ಲಿವೆ. ಅವುಗಳಲ್ಲಿ ಕೆಲವು ಯಶಸ್ವಿಯಾದವು, ಕೆಲವು ಮಾದರಿಯ ಹಂತದಲ್ಲೇ ಉಳಿದವು. ಕೈಗೂಡದ ಮಾರ್ಪಾಡುಗಳಿಗೆ ತೆತ್ತ ಬೆಲೆಯೂ ಈ ಚರಿತ್ರೆಯ ಭಾಗವೇ ಆಗಿದೆ.

ಸಿನಿಮಾಕ್ಕೆ ವೇಷ, ಇಲ್ಲಿ ಅಗತ್ಯ

ಹಳೆಯ ತರಬೇತಿ ವಿಮಾನಗಳ ವಿಚಿತ್ರ ಮಾರ್ಪಾಡು ಎಂದೊಡನೆ ವೈಮಾನಿಕ ಆಸಕ್ತರಿಗೆ ನೆನಪಾಗುವುದು 1970ರ 'ತೋರಾ! ತೋರಾ! ತೋರಾ!' ಚಿತ್ರ. ಪರ್ಲ್ ಹಾರ್ಬರ್ ದಾಳಿಯನ್ನು ತೋರಿಸಲು ಅಸಲಿ ಜಪಾನಿ ವಿಮಾನಗಳು ಸಾಲದಾದಾಗ, ಅಮೆರಿಕದ ಹಾರ್ವರ್ಡ್ ಮತ್ತು ವೇಲಿಯಂಟ್ ತರಬೇತಿ ವಿಮಾನಗಳ ಒಡಲನ್ನು ಬದಲಾಯಿಸಿ ಅವುಗಳಿಗೆ ಜಪಾನಿ ಯುದ್ಧವಿಮಾನಗಳ ವೇಷ ತೊಡಿಸಲಾಯಿತು. ಬೆಂಗಳೂರಿನಲ್ಲಿ ನಡೆದ ಮಾರ್ಪಾಡುಗಳು ವೇಷಕ್ಕಾಗಿ ಅಲ್ಲ. ಎಂಜಿನ್‌ನ ಲಭ್ಯತೆ, ಇಂಧನ, ವೇಗ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕಲಿಯುವವನ ಸುರಕ್ಷತೆ ಅವುಗಳ ಹಿಂದಿನ ಕಾರಣಗಳು.

ಎಚ್‌ಟಿ-2: ಆರಂಭದಲ್ಲೇ ಎಂಜಿನ್ ಬದಲು

ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಭಾರತದಲ್ಲೇ ರೂಪುಗೊಂಡು ಉತ್ಪಾದನೆಯಾದ ಮೊದಲ ಸೇನಾ ತರಬೇತಿ ವಿಮಾನ. ಇದರ ಮೊದಲ ಮಾದರಿ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದರ ಮೂತಿಯಲ್ಲಿದ್ದುದು ಬ್ರಿಟನ್ನಿನ ಜಿಪ್ಸಿ ಮೇಜರ್ ಎಂಜಿನ್. 1952ರ ಫೆಬ್ರವರಿಯಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಜೋಡಿಸಲಾಯಿತು. ಮುಂದಿನ ಉತ್ಪಾದನೆಗೆ ಆಯ್ಕೆಯಾದುದು ಇದೇ ಎಂಜಿನ್. ಸುಮಾರು 170 ವಿಮಾನಗಳು ತಯಾರಾದವು. ಹಳೆಯ ಟೈಗರ್ ಮಾತ್‌ಗಳ ಜಾಗವನ್ನು ತುಂಬಿದ ಈ ವಿಮಾನದಲ್ಲಿ ವಾಯುಪಡೆಯ ಹಲವು ತಲೆಮಾರುಗಳು ಹಾರಾಟದ ಮೊದಲ ಪಾಠ ಕಲಿತವು. ಆಫ್ರಿಕಾದ ಘಾನಾ ದೇಶವೂ ತನ್ನ ಹೊಸ ವಾಯುಪಡೆಗೆ 12 ಎಚ್‌ಟಿ-2ಗಳನ್ನು ಪಡೆದುಕೊಂಡಿತು.

ಕಿರಣ್: ತರಬೇತಿ ವಿಮಾನಕ್ಕೆ ಯುದ್ಧವಿಮಾನದ ಎಂಜಿನ್

ಜೆಟ್ ತರಬೇತಿಗಾಗಿ ಎಚ್‌ಎಎಲ್ ರೂಪಿಸಿದ ಕಿರಣ್ 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿಗೆ ಹಾರಿತು. ಶಿಷ್ಯ ಮತ್ತು ಶಿಕ್ಷಕ ಅಕ್ಕಪಕ್ಕ ಕುಳಿತುಕೊಳ್ಳುವ ವ್ಯವಸ್ಥೆ ಅದರ ವಿಶೇಷ. ಮೊದಲ ಕಿರಣ್‌ಗಳಲ್ಲಿದ್ದ ವೈಪರ್ ಎಂಜಿನ್‌ನ ನೂಕುಬಲ 2,500 ಪೌಂಡ್. ಶಸ್ತ್ರಾಸ್ತ್ರ ತರಬೇತಿಗೆ ಇದು ಸಾಲದೆಂದು ಕಂಡಾಗ ಎಂಜಿನಿಯರ್‌ಗಳು ಅದೇ ಒಡಲಿಗೆ ಆರ್ಫಿಯಸ್ 701 ಎಂಜಿನ್ ಕೂರಿಸಿದರು. 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ಯುದ್ಧವಿಮಾನದ ಎಂಜಿನ್ ಕೂಡ ಆರ್ಫಿಯಸ್ಸೇ. ಅದು ಪರವಾನಗಿಯಡಿ ಬೆಂಗಳೂರಿನಲ್ಲಿಯೇ ತಯಾರಾಗುತ್ತಿತ್ತು. ನೂಕುಬಲ 4,200 ಪೌಂಡ್‌ಗೆ ಏರಿತು. ಮೂತಿಯಲ್ಲಿ ಎರಡು 7.62 ಮಿ.ಮೀ. ಬಂದೂಕುಗಳೂ ರೆಕ್ಕೆಗಳ ಕೆಳಗೆ ಬಾಂಬ್, ರಾಕೆಟ್‌ಗಳನ್ನು ತೂಗಿಸುವ ನಾಲ್ಕು ಕೊಂಡಿಗಳೂ ಬಂದವು.

ಕಿರಣ್ ಮಾರ್ಕ್-2 ಎಂದು ಹೆಸರಾದ ಈ ವಿಮಾನ 1976ರ ಜುಲೈ 30ರಂದು ಹಾರಿತಾದರೂ ವಾಯುಪಡೆಯ ಕೈಸೇರಿದ್ದು 1980ರ ದಶಕದ ಮಧ್ಯಭಾಗದಲ್ಲಿ. ಎಂಜಿನ್ ಬದಲಾವಣೆಯೆಂದರೆ ಒಂದನ್ನು ಕಳಚಿ ಇನ್ನೊಂದನ್ನು ಕೂರಿಸುವಷ್ಟು ಸರಳವಲ್ಲ. ತೂಕದ ಹಂಚಿಕೆ, ಗಾಳಿ ಒಳಸೇರುವ ದಾರಿ, ಇಂಧನ ವ್ಯವಸ್ಥೆ ಎಲ್ಲವನ್ನೂ ಮರುಪರಿಶೀಲಿಸಿ ಪ್ರತಿಯೊಂದನ್ನೂ ಹಾರಾಟದಲ್ಲಿ ಪರೀಕ್ಷಿಸಬೇಕು.

1996ರಲ್ಲಿ ಬೀದರ್‌ನಲ್ಲಿ ಸೂರ್ಯಕಿರಣ್ ವೈಮಾನಿಕ ಕಸರತ್ತು ತಂಡ ರಚನೆಯಾದಾಗ ಆಯ್ಕೆಯಾದುದೂ ಮಾರ್ಕ್-2. ಯುದ್ಧಾಭ್ಯಾಸಕ್ಕೆಂದು ಬಲಪಡಿಸಿದ ವಿಮಾನ ಹೊಸ ಬಣ್ಣ ಬಳಿದುಕೊಂಡು ಹೊಗೆಯ ಗೆರೆ ಎಳೆಯುತ್ತಾ ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ಜನಮನ ಸೆಳೆಯಿತು.

ದೀಪಕ್: ಮಾದರಿಯಾಗಿಯೇ ಉಳಿದ ಟರ್ಬೊಪ್ರಾಪ್

ಎಚ್‌ಟಿ-2ರ ಉತ್ತರಾಧಿಕಾರಿಯಾಗಿ ಬಂದ ಎಚ್‌ಪಿಟಿ-32 ದೀಪಕ್ 1977ರ ಜನವರಿ 6ರಂದು ಮೊದಲು ಹಾರಿತು. 260 ಅಶ್ವಶಕ್ತಿಯ ಲೈಕಮಿಂಗ್ ಪಿಸ್ಟನ್ ಎಂಜಿನ್, ಮಡಚಲಾಗದ ಚಕ್ರಗಳು, ಅಕ್ಕಪಕ್ಕದ ಆಸನಗಳು ಅದರ ಸ್ವರೂಪ. ಆಪತ್ತಿನಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನ ಅದರಲ್ಲಿರಲಿಲ್ಲ.

ಇದರ ಮಾದರಿಗಳಲ್ಲೊಂದನ್ನು ಎಚ್‌ಎಎಲ್ ಎಂಜಿನಿಯರ್‌ಗಳು ಬಿಚ್ಚಿ ಅದರ ಮೂತಿಗೆ 420 ಅಶ್ವಶಕ್ತಿಯ ಅಲಿಸನ್ ಟರ್ಬೊಪ್ರಾಪ್ ಎಂಜಿನ್ ಜೋಡಿಸಿದರು. ಎಚ್‌ಟಿಟಿ-34 ಎಂಬ ಹೆಸರಿನ ಈ ರೂಪಾಂತರ 1984ರ ಜೂನ್ 17ರಂದು ಹಾರಿತು. ಹೊಸ ಎಂಜಿನ್ ಹಗುರವಾದ್ದರಿಂದ ವಿಮಾನದ ಸಮತೋಲ ಕಾಯಲು ಮೂತಿಯನ್ನು ನೀಳಗೊಳಿಸಬೇಕಾಯಿತು. ಇದರಿಂದ ಎರಡು ಲಾಭಗಳಿದ್ದವು: ಮೇಲೇರುವ ಸಾಮರ್ಥ್ಯದ ಹೆಚ್ಚಳ ಹಾಗೂ ಪಿಸ್ಟನ್ ಎಂಜಿನ್‌ಗೆ ಬೇಕಾದ ವಿಶೇಷ ಪೆಟ್ರೋಲ್ ಬದಲು ಜೆಟ್ ವಿಮಾನಗಳ ಸೀಮೆಎಣ್ಣೆಯ ಬಳಕೆ. ಆದರೆ ಉತ್ಪಾದನೆಗೆ ಬೇಡಿಕೆ ಬರಲಿಲ್ಲ. ಅದೇ ಅವಧಿಯಲ್ಲಿ ಪಿಸ್ಟನ್ ಎಂಜಿನ್‌ನ ದೀಪಕ್ ವಾಯುಪಡೆಯ ಸೇವೆಗೆ ಸೇರಿತು.

ವಿಮಾನಕ್ಕೇ ಪ್ಯಾರಾಚೂಟ್

ಹಾರಾಟದ ನಡುವೆ ಎಂಜಿನ್ ಸ್ತಬ್ಧವಾಗುವ ದೋಷ ದೀಪಕ್‌ಗೆ ಅಂಟಿಕೊಂಡೇ ಬಂತು. ಎಂಜಿನ್ ನಿಂತ ಮೇಲೆ ಬಹುದೂರ ತೇಲಿ ಬಂದು ಇಳಿಯುವ ಗುಣವೂ ಅದಕ್ಕಿರಲಿಲ್ಲ. 2009ರ ಜುಲೈ 31ರಂದು ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ ಸಂಭವಿಸಿದ ಅಪಘಾತದಲ್ಲಿ ಇಬ್ಬರು ಅನುಭವಿ ಶಿಕ್ಷಕ ಪೈಲಟ್‌ಗಳು ಮೃತಪಟ್ಟರು. ಒಟ್ಟು 17 ಅಪಘಾತಗಳು, 19 ಪೈಲಟ್‌ಗಳ ಸಾವು ಎಂಬುದು ಆ ಬಳಿಕ ಪ್ರಕಟವಾದ ಲೆಕ್ಕ. ನೂರಕ್ಕೂ ಹೆಚ್ಚು ದೀಪಕ್‌ಗಳ ಹಾರಾಟವನ್ನು ನಿಲ್ಲಿಸಲಾಯಿತು.

ಆಗ ಕೇಳಿಬಂದುದೇ ಅತ್ಯಂತ ಅಪರೂಪದ ಮಾರ್ಪಾಡಿನ ಪ್ರಸ್ತಾಪ. ಎಂಜಿನ್ ಕೈಕೊಟ್ಟಾಗ ಸಣ್ಣ ರಾಕೆಟ್ ಒಂದರ ಸಹಾಯದಿಂದ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡು, ಪೈಲಟ್‌ಗಳ ಸಮೇತ ಇಡೀ ವಿಮಾನವನ್ನೇ ನಿಧಾನವಾಗಿ ನೆಲಕ್ಕಿಳಿಸುವುದು ಅದರ ಉದ್ದೇಶ. ಅಮೆರಿಕದ ಸಿರಸ್ ಕಂಪನಿಯ ಖಾಸಗಿ ವಿಮಾನಗಳಲ್ಲಿ ಈ ವ್ಯವಸ್ಥೆ ಆರಂಭದಿಂದಲೇ ಇದೆ. ಆದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಕ್ಷಣದ ಜಗ್ಗುವಿಕೆಯನ್ನು ತಾಳಬಲ್ಲಂತೆ ಒಡಲು ಮೊದಲೇ ವಿನ್ಯಾಸಗೊಂಡಿರಬೇಕು. ಹಳೆಯ ವಿಮಾನಕ್ಕೆ ಹೊಸದಾಗಿ ಅದನ್ನು ಜೋಡಿಸುವುದು ಬೇರೆಯೇ ಸವಾಲು. ದೀಪಕ್ ಮತ್ತೆ ತರಬೇತಿಗೆ ಮರಳಲಿಲ್ಲ.

ಇದರ ಹೊರೆ ಬಿದ್ದದ್ದು ಕಿರಣ್ ಮೇಲೆ. ಪ್ರಾಥಮಿಕ ತರಬೇತಿಗೆ ವಿಮಾನಗಳೇ ಇಲ್ಲವಾದಾಗ ಹೊಸ ಶಿಷ್ಯರು ನೇರವಾಗಿ ಜೆಟ್ ಏರಬೇಕಾಯಿತು. ಕಿರಣ್‌ಗಳ ಕೊರತೆಯಿಂದ 2011ರ ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದ ಬಳಿಕ ಸೂರ್ಯಕಿರಣ್ ತಂಡದ ಹಾರಾಟವೂ ನಿಂತಿತು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಅದು ಮರುಹುಟ್ಟು ಪಡೆಯಿತು. ಸ್ವಿಟ್ಜರ್ಲೆಂಡ್‌ನ 75 ಪಿಲಾಟಸ್ ಪಿಸಿ-7 ವಿಮಾನಗಳಿಗೆ 2012ರಲ್ಲಿ ಒಪ್ಪಂದವಾಗಿ, 2013ರಲ್ಲಿ ಅವು ಸೇವೆಗೆ ಬಂದವು. ಟರ್ಬೊಪ್ರಾಪ್ ಎಂಜಿನ್ ಮತ್ತು ಚಿಮ್ಮುವ ಆಸನ ಎರಡೂ ಅವುಗಳಲ್ಲಿದ್ದವು.

ಕಲಿತ ಪಾಠ

ಬೆಂಗಳೂರಿನಲ್ಲೇ ರೂಪುಗೊಂಡು 2016ರ ಮೇ 31ರಂದು ಹಾರಿದ ಎಚ್‌ಟಿಟಿ-40ರಲ್ಲಿಯೂ ಇವೆರಡೂ ಇವೆ. ಅಂತಹ 70 ವಿಮಾನಗಳಿಗೆ ರಕ್ಷಣಾ ಸಚಿವಾಲಯ 2023ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡಿತು.

ಕಿರಣ್‌ನ ಉತ್ತರಾಧಿಕಾರಿಯಾಗಬೇಕಿದ್ದ ಸಿತಾರಾ 2003ರಲ್ಲೇ ಹಾರಿದರೂ, ಗಿರಕಿ ಹೊಡೆಯುವ ಸ್ಥಿತಿಯಿಂದ ಚೇತರಿಸಿಕೊಳ್ಳುವ ಪರೀಕ್ಷೆಯಲ್ಲಿ ತೊಡಕಿಗೆ ಸಿಲುಕಿತು. ಅದರ ಬಾಲದ ರೆಕ್ಕೆಯನ್ನೇ ಹಿಂದಕ್ಕೆ ಸರಿಸಿ, ದಿಕ್ಕು ಬದಲಿಸುವ ಫಲಕವನ್ನು ಹಿಗ್ಗಿಸಿ, 2019ರಲ್ಲಿ ಪರೀಕ್ಷೆ ಪುನರಾರಂಭಿಸಲಾಯಿತು. ಎರಡೂ ದಿಕ್ಕಿನಲ್ಲಿ ಆರು ಗಿರಕಿಗಳ ಪರೀಕ್ಷೆ ಪೂರೈಸಿದ್ದನ್ನು 2022ರ ಆರಂಭದಲ್ಲಿ ಎಚ್‌ಎಎಲ್ ಪ್ರಕಟಿಸಿತು. 2025ರ ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದಲ್ಲಿ ಅದಕ್ಕೆ 'ಯಶಸ್' ಎಂಬ ಹೊಸ ಹೆಸರು ದೊರೆಯಿತು.

ಯುದ್ಧವಿಮಾನದಲ್ಲಿ ಕೂರುವವನು ನುರಿತವನು. ತರಬೇತಿ ವಿಮಾನದಲ್ಲಿ ಕೂರುವವನು ಇನ್ನೂ ತಪ್ಪು ಮಾಡುತ್ತಾ ಕಲಿಯುತ್ತಿರುವವನು. ಅವನ ತಪ್ಪನ್ನು ಕ್ಷಮಿಸುವ ಗುಣ ವಿಮಾನದಲ್ಲಿರಬೇಕು. ಆ ಗುಣ ಇಲ್ಲದಿದ್ದಲ್ಲಿ ಎಂಜಿನಿಯರ್ ಅದನ್ನು ಬದಲಿಸಬೇಕು, ಅದೂ ಸಕಾಲದಲ್ಲಿ. ಹಳೆಯ ಎಚ್‌ಏಎಲ್ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ಮತ್ತು ಕಿರಣ್‌ಗಳನ್ನು ಇಂದಿಗೂ ಹತ್ತಿರದಿಂದ ಕಾಣಬಹುದು.