ಎಂಆರ್‌ಐ ಕೋಣೆಗೆ ಲೋಹ ಒಯ್ಯಬಾರದು ಏಕೆ? ಅಯಸ್ಕಾಂತ ಕೆಲಸ ಮಾಡುವುದು ಹೇಗೆ, ಮನೆಯಲ್ಲಿ ಎಲ್ಲೆಲ್ಲಿದೆ? ಇಲ್ಲಿದೆ ಮಾಹಿತಿ

2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದುಕೊಂಡು ಎಂಆರ್‌ಐ ಕೋಣೆಗೆ ಕಾಲಿಟ್ಟರು. ಯಂತ್ರ ಸಿಲಿಂಡರನ್ನು ಎಳೆದುಕೊಂಡಿತು. ಅದರ ಜೊತೆಗೇ ಎಳೆಯಲ್ಪಟ್ಟ ಅವರು ಪ್ರಾಣ ಕಳೆದುಕೊಂಡರು. ಯಂತ್ರ ಆಫ್ ಆಗಿದೆ ಎಂದು ಸಿಬ್ಬಂದಿ ಹೇಳಿದ್ದರು ಎಂಬುದು ಕುಟುಂಬದವರ ಆರೋಪವಾಗಿತ್ತು. 2025ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಕುತ್ತಿಗೆಗೆ ಭಾರದ ಲೋಹದ ಸರಪಳಿ ಹಾಕಿಕೊಂಡಿದ್ದ ವ್ಯಕ್ತಿಯೊಬ್ಬರು ಇದೇ ರೀತಿ ಎಂಆರ್‌ಐ ಯಂತ್ರಕ್ಕೆ ಬಲಿಯಾದರು.

ಸ್ಕ್ಯಾನಿಂಗ್ ನಡೆಯುತ್ತಿಲ್ಲ ಎಂದರೆ ಯಂತ್ರ ಆಫ್ ಆಗಿದೆ ಎಂದೇ ಹಲವರು ತಿಳಿದಿರುತ್ತಾರೆ. ಎಂಆರ್‌ಐ ವಿಷಯದಲ್ಲಿ ಅದು ತಪ್ಪು. ಏಕೆ ಎಂದು ಅರ್ಥವಾಗಬೇಕಾದರೆ ಶಾಲೆಯಲ್ಲಿ ಓದಿದ ಅಯಸ್ಕಾಂತದ ಪಾಠವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಅಯಸ್ಕಾಂತ ಎಂದರೇನು?

ಹಿಂದಿನವರು ಸೂಜಿಗಲ್ಲು ಎನ್ನುತ್ತಿದ್ದುದು ಇದನ್ನೇ. ಪ್ರತಿ ಅಯಸ್ಕಾಂತಕ್ಕೂ ಉತ್ತರ, ದಕ್ಷಿಣ ಎಂಬ ಎರಡು ಧ್ರುವಗಳಿರುತ್ತವೆ. ಒಂದೇ ಬಗೆಯ ಧ್ರುವಗಳು ಪರಸ್ಪರ ದೂಡುತ್ತವೆ, ಬೇರೆ ಬೇರೆಯವು ಸೆಳೆಯುತ್ತವೆ. ನಡುವೆ ತುಂಡರಿಸಿದರೆ ಒಂದೊಂದು ತುಂಡಿಗೂ ಮತ್ತೆ ಎರಡೆರಡು ಧ್ರುವಗಳು ಸಿಗುತ್ತವೆಯೇ ಹೊರತು ಒಂಟಿ ಧ್ರುವ ಸಿಗುವುದಿಲ್ಲ.

ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಸಾಮಾನ್ಯ ಮೊಳೆಯಲ್ಲಿ ಈ ಪರಮಾಣುಗಳ ಗುಂಪುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಹತ್ತಿರ ಅಯಸ್ಕಾಂತ ತಂದರೆ ಅವೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ಮೊಳೆಯೇ ತಾತ್ಕಾಲಿಕ ಅಯಸ್ಕಾಂತವಾಗುತ್ತದೆ. ಚೆನ್ನಾಗಿ ಕಾಯಿಸಿದರೆ ಈ ಶಿಸ್ತು ಕೆಡುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ.

ಕಬ್ಬಿಣ, ನಿಕಲ್, ಕೋಬಾಲ್ಟ್ ಅಂಟುತ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಚಿನ್ನ, ಬೆಳ್ಳಿ ಅಂಟುವುದಿಲ್ಲ. ಅಯಸ್ಕಾಂತ ಹಿಡಿದು ಚಿನ್ನವನ್ನು ಪರೀಕ್ಷಿಸುವ ವಿಡಿಯೋಗಳನ್ನು ಅಷ್ಟಾಗಿ ನಂಬಬೇಡಿ. ತಾಮ್ರ ಬೆರೆಸಿದ ಆಭರಣವೂ ಅಂಟುವುದಿಲ್ಲ!

ಕರೆಂಟಿಗೂ ಕಾಂತಕ್ಕೂ ಏನು ನಂಟು?

1820ರಲ್ಲಿ ಡೆನ್ಮಾರ್ಕ್‌ನ ವಿಜ್ಞಾನಿ ಅರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡರು. 1831ರಲ್ಲಿ ಮೈಕೆಲ್ ಫ್ಯಾರಡೆ ಇದರ ಮಗ್ಗುಲನ್ನು ತೋರಿಸಿದರು. ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾನ್, ಮಿಕ್ಸಿ, ಪಂಪ್‌ಸೆಟ್‌ಗಳ ಮೋಟಾರ್ ಮೊದಲನೆಯದರ ಫಲ, ವಿದ್ಯುತ್ ಕೇಂದ್ರಗಳ ಜನರೇಟರ್ ಎರಡನೆಯದರದು.

ಮುಂಬೈ ಕನ್ನಡಿಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಭೂಮಿಯ ಕಾಂತಕ್ಷೇತ್ರವನ್ನು ಕೊಲಾಬಾದ ವೀಕ್ಷಣಾಲಯದಲ್ಲಿ ದಶಕಗಳ ಕಾಲ ಅಳೆಯಲಾಗುತ್ತಿತ್ತು. ನಗರಕ್ಕೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ, ಅದರ ಕರೆಂಟಿನಿಂದ ಅಳತೆಗಳು ಕೆಡುತ್ತವೆ ಎಂದು ತಿಳಿದಾಗ, 1904ರಲ್ಲಿ ಆ ಕೆಲಸವನ್ನು ಅಲಿಬಾಗ್‌ಗೆ ಒಯ್ಯಲಾಯಿತು. ಅಲ್ಲಿನ ಕಟ್ಟಡಕ್ಕೆ ಅಯಸ್ಕಾಂತಕ್ಕೆ ಅಂಟುವ ಯಾವ ವಸ್ತುವನ್ನೂ ಬಳಸಲಿಲ್ಲ.

ಅಡುಗೆಮನೆಯಲ್ಲಿ

ಇಂಡಕ್ಷನ್ ಒಲೆಯ ಗಾಜಿನ ಕೆಳಗೆ ತಂತಿಯ ಸುರುಳಿ ಇರುತ್ತದೆ. ಅದರ ಕಾಂತಕ್ಷೇತ್ರ ಸೆಕೆಂಡಿಗೆ ಸಾವಿರಾರು ಬಾರಿ ಬದಲಾಗುತ್ತಾ ಪಾತ್ರೆಯ ತಳದಲ್ಲೇ ವಿದ್ಯುತ್ ಹುಟ್ಟಿಸಿ ಅದನ್ನು ಬಿಸಿ ಮಾಡುತ್ತದೆ. ಸಾಮಾನ್ಯ ಇಂಡಕ್ಷನ್ ಒಲೆಗಳಲ್ಲಿ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಕೆಲಸ ಮಾಡುವುದಿಲ್ಲ. ಸ್ಟೀಲ್ ಪಾತ್ರೆಗಳಲ್ಲೂ ಕೆಲವು ಅಂಟುವುದಿಲ್ಲ. ಹೊಸ ಪಾತ್ರೆ ಕೊಳ್ಳಲು ಹೋಗುವಾಗ ಫ್ರಿಜ್ ಮೇಲಿನ ಅಯಸ್ಕಾಂತವೊಂದನ್ನು ಜೊತೆಗಿಟ್ಟುಕೊಳ್ಳಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ತೆಗೆದುಕೊಳ್ಳಬಹುದು.

ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿಯೊಳಗೂ ಅಯಸ್ಕಾಂತವಿದೆ. ಹಿಂದೆ ಫ್ರಿಜ್‌ಗಳಿಗೆ ಹೊರಗಿನಿಂದ ಚಿಲಕವಿರುತ್ತಿತ್ತು. ಆಟವಾಡುತ್ತಾ ಒಳಗೆ ಹೊಕ್ಕ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದರು. ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಎಂದು ಅಮೆರಿಕ 1956ರಲ್ಲಿ ಕಾನೂನು ಮಾಡಿದ ಮೇಲೆ ಈ ಪಟ್ಟಿ ವ್ಯಾಪಕವಾಗಿ ಬಳಕೆಗೆ ಬಂತು.

ಎಂಆರ್‌ಐ ಯಾವಾಗಲೂ 'ಆನ್'

ಬಹುತೇಕ ಎಂಆರ್‌ಐ ಯಂತ್ರಗಳಲ್ಲಿ ಅಯಸ್ಕಾಂತವಾಗಿ ಕೆಲಸ ಮಾಡುವುದು ದ್ರವ ಹೀಲಿಯಂನಲ್ಲಿ ಮುಳುಗಿರುವ ತಂತಿಯ ಸುರುಳಿ. ಮೈನಸ್ 269 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಆ ತಂತಿ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ. ಒಮ್ಮೆ ಹರಿಸಿದ ಕರೆಂಟ್ ಹೊರಗಿನ ಪೂರೈಕೆ ಇಲ್ಲದೆಯೂ ಸುತ್ತುತ್ತಲೇ ಇರುತ್ತದೆ. ರಾತ್ರಿಯಾಗಲಿ, ಕರೆಂಟ್ ಹೋಗಲಿ, ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು.

ಆದ್ದರಿಂದ ರೋಗಿ ಮಾತ್ರವಲ್ಲ, ಜೊತೆಗೆ ಬಂದವರೂ ಕೀಲಿಕೈ, ನಾಣ್ಯ, ಫೋನ್, ಬೆಲ್ಟ್, ಹೇರ್‌ಪಿನ್, ಎಟಿಎಂ ಕಾರ್ಡ್ ಹೊರಗಿಟ್ಟೇ ಒಳಗೆ ಹೋಗಬೇಕು. ಸಾಮಾನ್ಯ ಗಾಲಿಕುರ್ಚಿ, ಸಿಲಿಂಡರ್ ಒಳಗೆ ತರುವಂತೆಯೇ ಇಲ್ಲ. ಚಿನ್ನ ಅಂಟುವುದಿಲ್ಲವಲ್ಲ ಎಂದು ತಾಳಿ ಸರವನ್ನು ಹಾಗೆಯೇ ಬಿಡುವವರಿದ್ದಾರೆ. ಅದಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ ಸ್ಟೀಲಿನದು ಎಂಬುದು ಮರೆತುಹೋಗಿರುತ್ತದೆ. ಚಿನ್ನವೂ ಯಂತ್ರದೊಳಗೆ ಬಿಸಿಯಾಗಬಹುದು, ಚಿತ್ರವನ್ನು ಕೆಡಿಸಬಹುದು. ಪೇಸ್‌ಮೇಕರ್, ಮೆದುಳಿನ ಶಸ್ತ್ರಚಿಕಿತ್ಸೆಯ ಕ್ಲಿಪ್, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಸಿಡಿದ ಲೋಹದ ಚೂರು ಇದ್ದರೆ ಮುಂಚೆಯೇ ತಿಳಿಸಬೇಕು.

ಮನೆಯಲ್ಲೂ ಎಚ್ಚರ

ಆಟಿಕೆಗಳಲ್ಲಿ ಬರುವ ಮಣಿಯಂಥ ನಿಯೋಡಿಮಿಯಂ ಅಯಸ್ಕಾಂತಗಳು ಚಿಕ್ಕವಾದರೂ ಬಲು ಜೋರು. ಮಗು ಇಂಥ ಎರಡನ್ನು ನುಂಗಿದರೆ, ಅವು ಕರುಳಿನ ಎರಡು ಮಡಿಕೆಗಳ ಆಚೀಚೆಯಿಂದ ಅಂಟಿಕೊಂಡು ನಡುವಿನ ಗೋಡೆಗೆ ತೂತು ಮಾಡಬಲ್ಲವು. ನಾಣ್ಯ ನುಂಗಿದಾಗ ಮಾಡುವಂತೆ ಬಾಳೆಹಣ್ಣು ತಿನ್ನಿಸಿ ಕಾಯಬಾರದು. ಮಗು ಆರಾಮಾಗಿ ಆಡುತ್ತಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೇಸ್‌ಮೇಕರ್ ಇರುವವರು ಅಯಸ್ಕಾಂತವಿರುವ ಫೋನ್, ವೈರ್‌ಲೆಸ್ ಚಾರ್ಜರ್‌ಗಳನ್ನು ಅದರಿಂದ ಕನಿಷ್ಠ 15 ಸೆಂ.ಮೀ. ದೂರದಲ್ಲಿಡಬೇಕು. ಅಂದರೆ ಅಂಗಿಯ ಎದೆ ಜೇಬಿನಲ್ಲಿ ಫೋನ್ ಬೇಡ.